ಗುಂಡಿಯ ಅರ್ಥಿಂಗ್ ಸರಿಯಿದೆ, ಹಾಸಿಗೆ ಪಕ್ಕದ ಸಾಕೆಟ್‌ನದ್ದು?

2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಬೆಂಕಿ ಬಿದ್ದು ಹತ್ತು ಶಿಶುಗಳು ತೀರಿಕೊಂಡವು. 2024ರ ನವೆಂಬರ್ 15ರ ರಾತ್ರಿ ಉತ್ತರ ಪ್ರದೇಶದ ಝಾನ್ಸಿ ವೈದ್ಯಕೀಯ ಕಾಲೇಜಿನಲ್ಲಿ ಅಂಥದ್ದೇ ದುರಂತ ಮರುಕಳಿಸಿತು. ಆ ಒಂದೇ ರಾತ್ರಿ ಮತ್ತೆ ಹತ್ತು ಕಂದಮ್ಮಗಳು ಹೋದವು. ಇಂಥ ಸುದ್ದಿ ಬಂದಾಗಲೆಲ್ಲ ಆಸ್ಪತ್ರೆಗಳ ‘ವಿದ್ಯುತ್ ಸುರಕ್ಷತಾ ತಪಾಸಣೆ’ಯ ಮಾತು ಏಳುತ್ತದೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲೂ ಓದುಗರ ಪ್ರಶ್ನೆ ಒಂದೇ: ನಮ್ಮ ಆಸ್ಪತ್ರೆ ಸುರಕ್ಷಿತವೇ? ಸಾಮಾನ್ಯವಾಗಿ ಸಿಗುವ ಉತ್ತರವೂ ಒಂದೇ: ‘ಅರ್ಥಿಂಗ್ ಪರೀಕ್ಷೆ ಆಗಿದೆ, ಸರಿಯಿದೆ.’

ಈ ಉತ್ತರ ಸುಳ್ಳೆನ್ನುವಂತಿಲ್ಲ. ಆದರೆ ಅದು ಯಾವ ಅರ್ಥಿಂಗ್‌ನ ಮಾತು ಎಂಬುದನ್ನು ಹೇಳುವುದಿಲ್ಲ. ಆಸ್ಪತ್ರೆಯ ಹಿತ್ತಲಿನ ಗುಂಡಿಯದ್ದೋ, ರೋಗಿಯ ತಲೆದಿಂಬಿನ ಬಳಿಯ ಸಾಕೆಟ್‌ನದ್ದೋ? ಇವು ಎರಡು ಬೇರೆ ಪರೀಕ್ಷೆಗಳು. ಒಂದು ಪಾಸಾದರೆ ಇನ್ನೊಂದೂ ಪಾಸಾಯಿತು ಎಂದುಕೊಳ್ಳುವುದೇ ಈ ಗೊಂದಲದ ಮೂಲ.

ಕಡಿದರೂ ಗೊತ್ತಾಗದ ತಂತಿ

ಸಾಕೆಟ್‌ಗೆ ಮೂರು ತಂತಿ ಬರುತ್ತವೆ. ಫೇಸ್ ಕಡಿದರೆ ದೀಪ ಆರುತ್ತದೆ. ನ್ಯೂಟ್ರಲ್ ಕಡಿದರೆ ಫ್ಯಾನ್ ನಿಲ್ಲುತ್ತದೆ. ಹಸಿರು ಹೊದಿಕೆಯ ಮೂರನೆಯದು, ಅಂದರೆ ಅರ್ಥ್ ತಂತಿ, ಕಡಿದರೆ ಏನೂ ಆಗುವುದಿಲ್ಲ. ಮಾನಿಟರ್ ಎಂದಿನಂತೆ ಗೆರೆ ಬರೆಯುತ್ತದೆ, ಸಿರಿಂಜ್ ಪಂಪ್ ಔಷಧ ತಳ್ಳುತ್ತಲೇ ಇರುತ್ತದೆ, ಯಾವ ದಾದಿಯೂ ದೂರು ಬರೆಯುವುದಿಲ್ಲ. ವರ್ಷಗಟ್ಟಲೆ ಹಾಗೆಯೇ ನಡೆಯಬಹುದು.

ಅರ್ಥ್ ತಂತಿಗೆ ಕೆಲಸ ಬರುವುದು ಬೇರೇನೋ ಕೆಟ್ಟ ಗಳಿಗೆಯಲ್ಲಿ. ಉಪಕರಣದೊಳಗೆ ಫೇಸ್ ತಂತಿಯ ಹೊದಿಕೆ ಸವೆದು ಲೋಹದ ಕವಚಕ್ಕೆ ತಾಗಿತು ಎಂದುಕೊಳ್ಳಿ. ಅರ್ಥ್ ದಾರಿ ಸಲೀಸಾಗಿದ್ದರೆ ಭಾರಿ ಕರೆಂಟ್ ಆ ದಾರಿಯಲ್ಲಿ ನುಗ್ಗಿ, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಸರಬರಾಜು ಕಡಿಯುವ ಸ್ವಿಚ್ಚು) ತಕ್ಷಣ ಬಿದ್ದು, ಉಪಕರಣ ಆರುತ್ತದೆ. ದಾರಿ ಇಲ್ಲದಿದ್ದರೆ ಎಂಸಿಬಿಗೆ ಸುಳಿವೇ ಸಿಗುವುದಿಲ್ಲ. ಕವಚ 230 ವೋಲ್ಟ್ ಹೊತ್ತು ಹಾಗೆಯೇ ಉಳಿಯುತ್ತದೆ. ಆಮೇಲೆ ಅದನ್ನು ಮುಟ್ಟಿದವರ ಮೈಯೇ ಕರೆಂಟ್‌ಗೆ ದಾರಿ.

ಮೂರು ಪಿನ್ನಿನ ಪ್ಲಗ್ ಕೈಗೆತ್ತಿಕೊಂಡು ನೋಡಿ. ಅರ್ಥ್ ಪಿನ್ ಉಳಿದೆರಡಕ್ಕಿಂತ ದಪ್ಪ, ತುಸು ಉದ್ದ. ಪ್ಲಗ್ ಹಾಕುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿದ್ದಾರೆ. ಇಷ್ಟು ಎಚ್ಚರದಿಂದ ಮಾಡಿದ ಪಿನ್ನು ಒಳಗೆ ಸಡಿಲವಾದ ಹಿತ್ತಾಳೆ ತುಂಡಿಗೆ ತಾಗಿ ನಿಂತರೆ, ಅಥವಾ ತಂತಿಯೇ ಇಲ್ಲದ ತಿರುಪಿಗೆ ತಾಗಿದರೆ, ಆ ಎಚ್ಚರವೆಲ್ಲ ವ್ಯರ್ಥ.

ಗುಂಡಿಯ ಲೆಕ್ಕ ಬೇರೆ, ಸಾಕೆಟ್‌ನ ಲೆಕ್ಕ ಬೇರೆ

ಹಿತ್ತಲಿನ ಅರ್ಥ್ ಗುಂಡಿ ಎಲ್ಲರಿಗೂ ಗೊತ್ತು: ಎರಡೂವರೆ ಮೀಟರ್ ಉದ್ದದ ಸತು ಲೇಪಿತ ಕಬ್ಬಿಣದ ಕೊಳವೆ, ಸುತ್ತ ಇದ್ದಿಲು ಮತ್ತು ಉಪ್ಪು, ಮೇಲೊಂದು ಸಿಮೆಂಟ್ ಮುಚ್ಚಳ. ಭಾರತೀಯ ಮಾನಕ ಐಎಸ್ 3043ರಲ್ಲಿ ಇದರ ವಿವರವಿದೆ. ಅರ್ಥ್ ಮೆಗ್ಗರ್‌ನಿಂದ ಅಳೆಯುವುದು ಈ ಕೊಳವೆಗೂ ಸುತ್ತಲಿನ ಮಣ್ಣಿಗೂ ನಡುವಿನ ರೋಧವನ್ನು, ಅಂದರೆ ಕರೆಂಟ್ ಹರಿಯಲು ಇರುವ ಅಡ್ಡಿಯನ್ನು; ಅದರ ಅಳತೆ ಓಮ್. ಗುಂಡಿಯಿಂದ ಡಿಬಿಗೆ (ವಿತರಣಾ ಬೋರ್ಡಿಗೆ), ಡಿಬಿಯಿಂದ ಮೂರನೆಯ ಮಹಡಿಯ ಸಾಕೆಟ್‌ಗೆ ತಂತಿ ತಲುಪಿದೆಯೇ ಎಂಬುದು ಆ ಅಳತೆಯಲ್ಲಿ ಬರುವುದೇ ಇಲ್ಲ.

ಗುಂಡಿ ಚೆನ್ನಾಗಿದ್ದ ಮಾತ್ರಕ್ಕೆ ಸಾಕಾಗುವುದಿಲ್ಲ ಎಂಬುದನ್ನು ಸಣ್ಣ ಲೆಕ್ಕವೊಂದು ತೋರಿಸುತ್ತದೆ. 16 ಆಂಪ್‌ನ ಸಿ ಮಾದರಿಯ ಎಂಸಿಬಿ ಕ್ಷಣದಲ್ಲಿ ಬೀಳುವುದು ತನ್ನ ರೇಟಿಂಗ್‌ನ ಐದರಿಂದ ಹತ್ತು ಪಟ್ಟು ಕರೆಂಟ್‌ಗೆ. ಬಿದ್ದೇ ಬೀಳಬೇಕೆಂದರೆ 160 ಆಂಪ್ ಹರಿಯಬೇಕು. 230 ವೋಲ್ಟ್‌ನಲ್ಲಿ ಅಷ್ಟು ಹರಿಯಲು ಇಡೀ ಸುತ್ತಿನ ರೋಧ 1.44 ಓಮ್‌ಗಿಂತ ಕಡಿಮೆ ಇರಬೇಕು. ಈಗ ಆಸ್ಪತ್ರೆಯ ಗುಂಡಿ 3 ಓಮ್, ಟ್ರಾನ್ಸ್‌ಫಾರ್ಮರ್‌ನ ಅರ್ಥ್ 2 ಓಮ್ ಎಂದಿಟ್ಟುಕೊಳ್ಳಿ. ಪ್ರಮಾಣಪತ್ರದಲ್ಲಿ ಎರಡೂ ಒಳ್ಳೆಯ ಅಂಕಿಗಳೇ. ಕರೆಂಟ್ ಮಣ್ಣಿನ ಮೂಲಕವೇ ಹಿಂದಿರುಗಬೇಕಾದರೆ ಸುತ್ತಿನ ರೋಧ 5 ಓಮ್, ಹರಿಯುವುದು 46 ಆಂಪ್. ಇಷ್ಟಕ್ಕೆ ಎಂಸಿಬಿ ತಕ್ಷಣ ಬೀಳುವುದಿಲ್ಲ, ಬಿಸಿಯಾಗಿ ಬೀಳಲು ಹಲವು ಸೆಕೆಂಡು ಬೇಕು. ಅಷ್ಟು ಹೊತ್ತು ಉಪಕರಣದ ಕವಚದ ಮೇಲೆ ಸುಮಾರು 138 ವೋಲ್ಟ್ ಇರುತ್ತದೆ.

ಆದ್ದರಿಂದಲೇ ಕರೆಂಟ್ ಹಿಂದಿರುಗಲು ಲೋಹದ ದಾರಿಯೊಂದು ಬೇಕು, ಇಲ್ಲವೇ ಸೋರಿಕೆಯನ್ನು ಗುರುತಿಸಿ ಕಡಿಯುವ ಆರ್‌ಸಿಸಿಬಿ ಬೇಕು. ಜೀವ ಉಳಿಸಲು ಅದು 30 ಮಿಲಿಆಂಪ್‌ನದ್ದಾಗಿರಬೇಕು (ಮಿಲಿಆಂಪ್ ಎಂದರೆ ಆಂಪ್‌ನ ಸಾವಿರದ ಒಂದು ಪಾಲು). ಮುಖ್ಯ ಬೋರ್ಡಿನಲ್ಲಿ ಕೂರಿಸುವ 100 ಅಥವಾ 300 ಮಿಲಿಆಂಪ್‌ನ ಸಾಧನ ಬೆಂಕಿ ತಡೆಯಲು ನೆರವಾದೀತು, ಮನುಷ್ಯನಿಗೆ ಹೊಡೆಯುವ ಶಾಕ್‌ಗೆ ಅದು ಸಾಲದು.

ಆಸ್ಪತ್ರೆಗೆ ಯಾಕಿಷ್ಟು ಕಟ್ಟುನಿಟ್ಟು

ಮನೆಯಲ್ಲಿ ಶಾಕ್ ಹೊಡೆದಾಗ ನಮ್ಮನ್ನು ಅಷ್ಟಿಷ್ಟು ಕಾಯುವುದು ಒಣ ಚರ್ಮ. ಸುಮಾರು 1 ಮಿಲಿಆಂಪ್‌ಗೆ ಕೈ ಜುಮ್ಮೆನ್ನುತ್ತದೆ. 10 ಮಿಲಿಆಂಪ್ ದಾಟಿದರೆ ಹಿಡಿದದ್ದನ್ನು ಬಿಡಲಾಗುವುದಿಲ್ಲ. 100 ಮಿಲಿಆಂಪ್ ಆಸುಪಾಸು ಎದೆಯ ಮೂಲಕ ಹಾದರೆ ಹೃದಯದ ಲಯ ತಪ್ಪಿ ಸಾವು ಬರಬಹುದು. ತೀವ್ರ ನಿಗಾ ಘಟಕದಲ್ಲಿ ಮಲಗಿದವರಿಗೆ ಈ ಚರ್ಮದ ಕಾವಲೂ ಇರುವುದಿಲ್ಲ. ಕುತ್ತಿಗೆಯ ರಕ್ತನಾಳದಿಂದ ಹೃದಯದ ಬಾಗಿಲವರೆಗೆ ಇಳಿಸಿದ ಕೊಳವೆಯಲ್ಲಿ ಉಪ್ಪುನೀರಿನ ದ್ರಾವಣವಿರುತ್ತದೆ, ಅದು ವಿದ್ಯುತ್ ವಾಹಕ. ಹೃದಯಕ್ಕೇ ನೇರವಾಗಿ ತಲುಪುವ ಕರೆಂಟ್ 100 ಮೈಕ್ರೊಆಂಪ್‌ನಷ್ಟಿದ್ದರೂ (ಮೈಕ್ರೊಆಂಪ್ ಎಂದರೆ ಮಿಲಿಆಂಪ್‌ನ ಸಾವಿರದ ಒಂದು ಪಾಲು) ಅಪಾಯ. ಹಾಗಾಗಿಯೇ ವೈದ್ಯಕೀಯ ಉಪಕರಣಗಳ ಅಂತರರಾಷ್ಟ್ರೀಯ ಮಾನಕವಾದ ಐಇಸಿ 60601, ಹೃದಯಕ್ಕೆ ತಾಗುವ ಭಾಗಗಳಿಂದ ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೊಆಂಪ್‌ಗಿಂತ, ಒಂದು ದೋಷ ಇದ್ದಾಗಲೂ 50 ಮೈಕ್ರೊಆಂಪ್‌ಗಿಂತ ಹೆಚ್ಚು ಸೋರಬಾರದು ಎನ್ನುತ್ತದೆ. ಹತ್ತು ಮೈಕ್ರೊಆಂಪ್ ಎಂದರೆ ನಮ್ಮ ಕೈ ಜುಮ್ಮೆನ್ನುವ ಕರೆಂಟ್‌ನ ನೂರನೆಯ ಒಂದು ಪಾಲು.

ಇಲ್ಲಿ ಆರ್‌ಸಿಸಿಬಿಯೂ ಕೈಲಾಗದ್ದು. ಅದು ಎಚ್ಚರಗೊಳ್ಳುವುದು 30 ಮಿಲಿಆಂಪ್ ಆಸುಪಾಸಿನಲ್ಲಿ, 100 ಮೈಕ್ರೊಆಂಪ್‌ನ ಮುನ್ನೂರು ಪಟ್ಟು. ಇಷ್ಟು ಸಣ್ಣ ಕರೆಂಟ್‌ನಿಂದ ರೋಗಿಯನ್ನು ಕಾಯಲು ಇರುವ ಮುಖ್ಯ ಉಪಾಯ ಇದು: ಹಾಸಿಗೆಯ ಸುತ್ತಲಿನ ಎಲ್ಲ ಸಾಕೆಟ್‌ಗಳ ಅರ್ಥ್ ಒಂದೇ ಮಟ್ಟದಲ್ಲಿರಬೇಕು. ಎಡಗಡೆಯ ಸಾಕೆಟ್‌ನ ಅರ್ಥ್ ಹಳೆಯ ಗುಂಡಿಗೆ, ಬಲಗಡೆಯದು ಹೊಸ ವಿಭಾಗದ ಗುಂಡಿಗೆ ಹೋಗಿದ್ದು, ಎರಡರ ನಡುವೆ ವೋಲ್ಟ್‌ನ ಹತ್ತನೆಯ ಒಂದು ಪಾಲು ವ್ಯತ್ಯಾಸ ಇದ್ದರೂ ಸಾಕು, ದೇಹದ ರೋಧವನ್ನು ಸಾವಿರ ಓಮ್ ಎಂದಿಟ್ಟುಕೊಂಡರೆ ಅದು 100 ಮೈಕ್ರೊಆಂಪ್ ಹರಿಸುತ್ತದೆ.

ದೊಡ್ಡ ಊರಿನ ಹೃದಯ ಚಿಕಿತ್ಸಾ ಕೇಂದ್ರಗಳಿಗಷ್ಟೇ ಸಂಬಂಧಿಸಿದ ವಿಷಯ ಎಂದು ಇದನ್ನು ತಳ್ಳಿಹಾಕುವಂತಿಲ್ಲ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಡಯಾಲಿಸಿಸ್ ಯಂತ್ರಗಳು ಸಣ್ಣ ಊರುಗಳ ಆಸ್ಪತ್ರೆಗಳಿಗೂ ಬಂದಿವೆ. ಕುತ್ತಿಗೆಗೆ ಕೊಳವೆ ಹಾಕಿಸಿಕೊಂಡ ರೋಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆಯಷ್ಟು ಹೊತ್ತು, ನೀರೂ ವಿದ್ಯುತ್ತೂ ಒಟ್ಟಿಗೆ ಓಡುವ ಯಂತ್ರದ ಪಕ್ಕ ಮಲಗುತ್ತಾರೆ.

ಉಪ್ಪುಗಾಳಿ, ಚಿರೆಕಲ್ಲು, ಮಳೆಗಾಲ

ನಮ್ಮ ಕರಾವಳಿಯ ಮಟ್ಟಿಗೆ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಕಾರವಾರಕ್ಕೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲದಲ್ಲಿ ಚಿರೆಕಲ್ಲಿನ ನೆಲ ನೀರು ಕುಡಿದು ನಿಂತಿರುತ್ತದೆ, ಗುಂಡಿಯ ರೋಧ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ನೆಲ ಗಟ್ಟಿಯಾಗಿ ಒಣಗುತ್ತದೆ, ರೋಧ ಏರುತ್ತದೆ. ಗುಂಡಿಗೆ ಹಾಕಿದ ಉಪ್ಪನ್ನು ಇಷ್ಟು ಮಳೆ ಕರಗಿಸಿ ಒಯ್ಯುತ್ತದೆ. ಉಳಿದ ಉಪ್ಪು ಕೊಳವೆಯನ್ನೇ ತಿನ್ನುತ್ತದೆ. ಆಗಸ್ಟ್‌ನಲ್ಲಿ ಅಳೆದು ಪಡೆದ ಪ್ರಮಾಣಪತ್ರ ಮೇ ತಿಂಗಳ ಸ್ಥಿತಿಯನ್ನು ಹೇಳಲಾರದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಇದನ್ನು ಅರಿತೇ, ವಿದ್ಯುತ್ ಪೂರೈಸುವ ಸಂಸ್ಥೆಯ ಅರ್ಥಿಂಗ್ ಅನ್ನು ಎರಡು ವರ್ಷಕ್ಕೊಮ್ಮೆಯಾದರೂ ಬೇಸಿಗೆಯ ಒಣ ದಿನದಲ್ಲಿ ಅಳೆಯಬೇಕು ಎಂದು ಹೇಳಿದ್ದವು. ಆಸ್ಪತ್ರೆಗಳೂ ಈ ‘ಒಣ ದಿನ’ವನ್ನು ಪಾಲಿಸುವುದು ಒಳಿತು.

ಸಾಕೆಟ್‌ನ ಕಥೆ ಇದಕ್ಕೆ ತಿರುಗುಮುರುಗು. ಅದು ಕೆಡುವುದು ಮಳೆಗಾಲದಲ್ಲಿ. ಗೋಡೆ ಒಸರುತ್ತದೆ, ಕಿಟಕಿಯಿಂದ ಉಪ್ಪುಗಾಳಿ ಬರುತ್ತದೆ, ಹಿತ್ತಾಳೆಯ ತುಂಡುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಕಬ್ಬಿಣದ ತಿರುಪು ತುಕ್ಕು ಹಿಡಿದು ತಂತಿಯ ಮೇಲಿನ ಬಿಗಿ ಕಳೆದುಕೊಳ್ಳುತ್ತದೆ. ಹಾಗಾಗಿ ಗುಂಡಿಯನ್ನು ಮೇ ತಿಂಗಳಲ್ಲೂ ಸಾಕೆಟ್‌ಗಳನ್ನು ಮಳೆ ಹಿಂದೆ ಸರಿದ ಅಕ್ಟೋಬರ್‌ನಲ್ಲೂ ಪರೀಕ್ಷಿಸುವುದು ಈ ಜಿಲ್ಲೆಯ ಹವಾಮಾನಕ್ಕೆ ಹೊಂದುವ ಕ್ರಮ ಎಂದು ನನಗನ್ನಿಸುತ್ತದೆ. ಒಳನಾಡಿನ ಒಣ ಊರಿಗೆ ಬರೆದ ವೇಳಾಪಟ್ಟಿಯನ್ನು ಇಲ್ಲಿಗೆ ನಕಲು ಮಾಡಿದರೆ ಎರಡೂ ತಪ್ಪಿದ ತಿಂಗಳಲ್ಲಿ ನಡೆಯಬಹುದು.

ಸಾಕೆಟ್ ಪರೀಕ್ಷೆ ಹೇಗೆ ನಡೆಯಬೇಕು

ಮೊದಲು ಕಣ್ಣಿನ ಕೆಲಸ: ಒಡೆದ ಮುಖ, ಸುಟ್ಟ ಕಂದು ಗುರುತು, ಗೋಡೆಯಿಂದ ಕಿತ್ತು ಬಂದ ಪೆಟ್ಟಿಗೆ. ಆಮೇಲೆ ಫೇಸ್ ಮತ್ತು ನ್ಯೂಟ್ರಲ್ ತಮ್ಮ ತಮ್ಮ ಜಾಗದಲ್ಲಿವೆಯೇ ಎಂದು ನೋಡುವುದು. ಮೂರನೆಯದು ಅರ್ಥ್ ತಂತಿಯ ರೋಧವನ್ನು ಅಂಕಿಯಲ್ಲಿ ಅಳೆಯುವುದು. ವೈದ್ಯಕೀಯ ಸ್ಥಳಗಳಿಗೆಂದೇ ಇರುವ ಐಇಸಿ 60364ರ 710ನೇ ಭಾಗದ ಪ್ರಕಾರ, ಶಸ್ತ್ರಚಿಕಿತ್ಸಾ ಕೊಠಡಿ, ತೀವ್ರ ನಿಗಾ ಘಟಕಗಳಂಥ ಕಡೆ ಸಾಕೆಟ್‌ನ ಅರ್ಥ್ ಮತ್ತು ಆ ಕೊಠಡಿಯ ಸಮವಿಭವ ಪಟ್ಟಿಯ (ಅರ್ಥ್ ತಂತಿಗಳನ್ನೆಲ್ಲ ಒಂದೇ ಮಟ್ಟದಲ್ಲಿ ಸೇರಿಸುವ ಲೋಹದ ಪಟ್ಟಿ) ನಡುವೆ 0.2 ಓಮ್‌ಗಿಂತ ಹೆಚ್ಚು ಇರಬಾರದು. ಎರಡೂವರೆ ಚದರ ಮಿಲಿಮೀಟರ್ ತಾಮ್ರದ ತಂತಿ ಇಪ್ಪತ್ತು ಮೀಟರ್ ಓಡಿದರೇ ಸುಮಾರು 0.15 ಓಮ್ ಆಗಿಬಿಡುತ್ತದೆ. ಉಳಿಯುವುದು 0.05. ಕಿಲುಬು ಹಿಡಿದ ಒಂದು ತಿರುಪು ಅದನ್ನು ತಿಂದುಹಾಕಲು ಸಾಕು.

ನಾಲ್ಕನೆಯದು ಹಿಡಿತ. ಪ್ಲಗ್ ಜೋತು ಬೀಳುತ್ತಿದೆಯೇ, ಅರ್ಥ್ ಪಿನ್ನನ್ನು ಒಳಗಿನ ಹಿತ್ತಾಳೆ ಬಿಗಿಯಾಗಿ ಹಿಡಿದಿದೆಯೇ? ಅಮೆರಿಕದ ಆಸ್ಪತ್ರೆ ಸಂಹಿತೆಯಾದ ಎನ್‌ಎಫ್‌ಪಿಎ 99 ಇದಕ್ಕೊಂದು ಅಂಕಿ ಕೊಟ್ಟಿದೆ: ಅರ್ಥ್ ಪಿನ್ನಿನ ಹಿಡಿತ 115 ಗ್ರಾಂಗಿಂತ ಕಡಿಮೆ ಇರಬಾರದು. ಈ ಪರೀಕ್ಷೆ ಶಾಕ್‌ಗೆ ಮಾತ್ರ ಸಂಬಂಧಿಸಿದ್ದಲ್ಲ. ಫೇಸ್, ನ್ಯೂಟ್ರಲ್ ಪಿನ್ನುಗಳ ಹಿಡಿತ ಸಡಿಲವಾದರೆ ಕಿಡಿ ಹಾರುತ್ತದೆ, ಸಾಕೆಟ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಆಮ್ಲಜನಕ ಹರಿಯುವ ಕೋಣೆಯಲ್ಲಿ ಅದೇ ಬೆಂಕಿಗೆ ಮೂಲವಾಗಬಹುದು. ಸಾಕೆಟ್ ಪರೀಕ್ಷೆಗೂ ಬೆಂಕಿಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಈ ಸಡಿಲ ಹಿತ್ತಾಳೆಯಲ್ಲಿದೆ.

ಮೂರು ದೀಪದ ಸಣ್ಣ ಟೆಸ್ಟರ್ ಚುಚ್ಚಿ ‘ಸರಿಯಿದೆ’ ಎಂದು ಬರೆಯುವುದು ಪರೀಕ್ಷೆಯಾಗದು. ಅರ್ಥ್ ದಾರಿಯಲ್ಲಿ ನೂರಾರು ಓಮ್ ಇದ್ದರೂ ಆ ದೀಪ ಹೊತ್ತುತ್ತದೆ. ಅದಕ್ಕಿಂತ ಕೆಟ್ಟದ್ದೊಂದು ಮೋಸವಿದೆ. ಅರ್ಥ್ ತಂತಿ ತಲುಪದ ಸಾಕೆಟ್‌ನೊಳಗೆ, ನ್ಯೂಟ್ರಲ್ ತಿರುಪಿನಿಂದ ಅರ್ಥ್ ತಿರುಪಿಗೆ ಎರಡಂಗುಲದ ತಂತಿ ತುಂಡು ಸೇರಿಸಿಬಿಡುವುದು. ಟೆಸ್ಟರ್‌ನ ದೀಪಗಳೆಲ್ಲ ಸರಿ ತೋರಿಸುತ್ತವೆ. ಇಡೀ ಸುತ್ತಿನ ರೋಧ ಅಳೆಯುವ ಲೂಪ್ ಮೀಟರ್ ಕೂಡ ಒಳ್ಳೆಯ ಅಂಕಿ ಕೊಡುತ್ತದೆ. ಆದರೆ ಹಿಂದೆಲ್ಲೋ ನ್ಯೂಟ್ರಲ್ ತಂತಿ ಬಿಟ್ಟುಹೋದ ಗಳಿಗೆಯಲ್ಲಿ, ಉಪಕರಣದ ಮೂಲಕ ಹಾದು ಬಂದ 230 ವೋಲ್ಟ್ ಆ ಎರಡಂಗುಲದ ತುಂಡಿನ ಮೂಲಕ ಕವಚದ ಮೇಲೆ ಏರಿ ಕೂರುತ್ತದೆ. ರೋಗಿಯನ್ನು ಕಾಯಬೇಕಾದ ಪಿನ್ನೇ ಕರೆಂಟನ್ನು ಹೊತ್ತು ತರುತ್ತದೆ. ಇದನ್ನು ಹಿಡಿಯಬೇಕಾದರೆ ಸರಬರಾಜು ನಿಲ್ಲಿಸಿ, ಡಿಬಿಯಲ್ಲಿ ನ್ಯೂಟ್ರಲ್ ಕಳಚಿ, ಅರ್ಥ್ ಮತ್ತು ನ್ಯೂಟ್ರಲ್ ಬೇರೆ ಬೇರೆಯೇ ಎಂದು ಅಳೆಯಬೇಕು; ಅನುಮಾನ ಬಂದ ಸಾಕೆಟ್ ಬಿಚ್ಚಬೇಕು.

ಎಷ್ಟು ಸಲ ಪರೀಕ್ಷೆ?

ವಾದ ಇರುವುದು ಇಲ್ಲಿ. ಜೈವಿಕ ವೈದ್ಯಕೀಯ ಎಂಜಿನಿಯರುಗಳಲ್ಲಿ ಒಂದು ಪಕ್ಷ, ರೋಗಿ ಇರುವ ಕಡೆಯ ಪ್ರತಿ ಸಾಕೆಟ್ ವರ್ಷಕ್ಕೊಮ್ಮೆ ಪರೀಕ್ಷೆಗೆ ಬರಲೇಬೇಕು ಎನ್ನುತ್ತದೆ. ಇನ್ನೊಂದು ಪಕ್ಷ, ಈಗಿನ ಉಪಕರಣಗಳ ನಿರೋಧಕ ಹೊದಿಕೆ ಎಷ್ಟೋ ಉತ್ತಮ, ಅಪಾಯವಿರುವ ಕಡೆ ಹೆಚ್ಚು ಗಮನ ಕೊಟ್ಟು ಉಳಿದ ಕಡೆ ಸಡಿಲಿಸಿ ಎನ್ನುತ್ತದೆ. ಎರಡನೆಯ ಪಕ್ಷಕ್ಕೆ ಇತಿಹಾಸದ ಬೆಂಬಲವೂ ಇದೆ. 1971ರಲ್ಲಿ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್, ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 1,200 ಮಂದಿ ವಿದ್ಯುತ್ ಆಘಾತದಿಂದ ಸಾಯುತ್ತಿದ್ದಾರೆ ಎಂದು ಬರೆದರು. ಆ ಅಂಕಿಗೆ ಗಟ್ಟಿ ಆಧಾರ ದೊರೆಯಲಿಲ್ಲ. ಆದರೆ ಅದು ಎಬ್ಬಿಸಿದ ಭಯ ಆಸ್ಪತ್ರೆಗಳ ವಿದ್ಯುತ್ ನಿಯಮಗಳನ್ನು ಬಿಗಿಗೊಳಿಸಿತು, ಕೆಲವನ್ನು ಮುಂದೆ ಸಡಿಲಿಸಲಾಯಿತು.

ಈಗಿನ ಎನ್‌ಎಫ್‌ಪಿಎ 99 ನಡುದಾರಿ ಹಿಡಿದಿದೆ. ಆಸ್ಪತ್ರೆಗೆಂದೇ ತಯಾರಾದ ಗಟ್ಟಿ ಸಾಕೆಟ್ ಆದರೆ ಅಳವಡಿಸಿದಾಗ, ಬದಲಿಸಿದಾಗ, ದುರಸ್ತಿ ಮಾಡಿದಾಗ ಪರೀಕ್ಷೆ. ಮುಂದಿನ ಅಂತರವನ್ನು ಆಸ್ಪತ್ರೆ ತನ್ನದೇ ದಾಖಲೆಗಳ ಆಧಾರದಲ್ಲಿ ನಿರ್ಧರಿಸಬಹುದು. ಸಾಮಾನ್ಯ ಸಾಕೆಟ್ ಆದರೆ ಹನ್ನೆರಡು ತಿಂಗಳು ಮೀರುವಂತಿಲ್ಲ. ಇದು ಅಮೆರಿಕದ ನಿಯಮ, ನಮಗೆ ಕಡ್ಡಾಯವಲ್ಲ. ಆದರೂ ಅದರ ತರ್ಕವನ್ನು ನಮಗೆ ಅನ್ವಯಿಸಿ ನೋಡಬಹುದು. ನಮ್ಮ ಸಣ್ಣ ಆಸ್ಪತ್ರೆಗಳ ಗೋಡೆಯಲ್ಲಿರುವುದು ಹೆಚ್ಚಾಗಿ ಮನೆಗೆ ಹಾಕುವಂಥದ್ದೇ 6 ಮತ್ತು 16 ಆಂಪ್‌ನ ಸಾಕೆಟ್. ಪರೀಕ್ಷೆಯ ಅಂತರ ಹಿಗ್ಗಿಸಲು ಆಧಾರವಾಗಬೇಕಾದ ಹಳೆಯ ದಾಖಲೆಯೇ ಇಲ್ಲದ ಕಡೆ, ‘ದಾಖಲೆ ನೋಡಿ ನಿರ್ಧರಿಸುತ್ತೇವೆ’ ಎನ್ನಲು ಅವಕಾಶವಿಲ್ಲ. ಮೊದಲ ಎರಡು ಮೂರು ವರ್ಷ ವರ್ಷಕ್ಕೊಮ್ಮೆ ಅಳೆದು ಬರೆದಿಟ್ಟರೆ, ಆಮೇಲೆ ಸಡಿಲಿಕೆಯ ಮಾತನ್ನು ಧೈರ್ಯವಾಗಿ ಆಡಬಹುದು.

ಆರ್‌ಸಿಸಿಬಿಯ ವಿಷಯದಲ್ಲೂ ಭಿನ್ನಾಭಿಪ್ರಾಯವಿದೆ. ವೆಂಟಿಲೇಟರ್ ಓಡುವಾಗ ಪಕ್ಕದ ಉಪಕರಣದ ಸೋರಿಕೆಗೆ ಇಡೀ ಸಾಲು ಆರಿದರೆ ಗತಿಯೇನು ಎಂಬ ವೈದ್ಯರ ಆತಂಕ ನ್ಯಾಯವಾದದ್ದು. ಅಂಥ ಕಡೆ ಆ ಸಾಲನ್ನು ಮುಖ್ಯ ಸರಬರಾಜಿನಿಂದ ಬೇರ್ಪಡಿಸುವ ಪ್ರತ್ಯೇಕಕ ಟ್ರಾನ್ಸ್‌ಫಾರ್ಮರ್ ಇಟ್ಟು, ಮೊದಲ ದೋಷಕ್ಕೆ ಸರಬರಾಜು ಕಡಿಯದೆ ಎಚ್ಚರಿಕೆಯ ಸದ್ದು ಮಾತ್ರ ಬರುವ ವ್ಯವಸ್ಥೆಯನ್ನು ಐಇಸಿ ಹೇಳುತ್ತದೆ. ಅದು ದುಬಾರಿ. ದುಡ್ಡಿಲ್ಲವೆಂದು ಆರ್‌ಸಿಸಿಬಿಯನ್ನೂ ತೆಗೆದು, ಆ ವ್ಯವಸ್ಥೆಯನ್ನೂ ಹಾಕದೆ ಬಿಟ್ಟರೆ ರೋಗಿಗೆ ಎರಡು ರಕ್ಷಣೆಯೂ ಇಲ್ಲ.

ಕರೆಂಟ್ ಹೋದ ಮೇಲೆ

ಮಳೆಗಾಲದಲ್ಲಿ ಘಟ್ಟದ ಮರಗಳು ತಂತಿಯ ಮೇಲೆ ಬೀಳುತ್ತವೆ, ಆಸ್ಪತ್ರೆ ಗಂಟೆಗಟ್ಟಲೆ ಜನರೇಟರ್ ಮೇಲೆ ಓಡುತ್ತದೆ. ಜನರೇಟರ್‌ನ ನ್ಯೂಟ್ರಲ್ ಅನ್ನು ಎರಡು ಪ್ರತ್ಯೇಕ ಜೋಡಣೆಗಳಿಂದ ಅರ್ಥ್ ಮಾಡಬೇಕೆಂಬ ನಿಯಮವಿದೆ. ಆ ಜೋಡಣೆ ಬಿಟ್ಟಿದ್ದರೆ ಸೋರಿದ ಕರೆಂಟ್‌ಗೆ ಹಿಂದಿರುಗಲು ದಾರಿ ಇಲ್ಲ. ದಾರಿ ಇಲ್ಲದಿದ್ದರೆ ಆರ್‌ಸಿಸಿಬಿಗೂ ಎಂಸಿಬಿಗೂ ದೋಷ ಕಾಣುವುದಿಲ್ಲ. ಸಾಲಿನ ಕರೆಂಟ್ ಇದ್ದಾಗ ಪಾಸಾದ ಸಾಕೆಟ್ ಜನರೇಟರ್ ಓಡುವಾಗ ರಕ್ಷಣೆ ಕೊಡದಿರಬಹುದು. ಪರೀಕ್ಷೆಯ ಒಂದು ಸುತ್ತನ್ನು ಜನರೇಟರ್ ಚಾಲೂ ಇಟ್ಟು ಮಾಡಬೇಕು ಎನ್ನುವುದು ಅದಕ್ಕಾಗಿ.

ಸಾಕೆಟ್ ಯಾರ ಪಾಲಿನದು?

ಹೆಸ್ಕಾಂನ ಹೊಣೆ ಮೀಟರ್‌ವರೆಗೆ. ವಿದ್ಯುತ್ ಪರಿವೀಕ್ಷಕರು ನೋಡುವುದು ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್, ಜನರೇಟರ್, ಮುಖ್ಯ ಬೋರ್ಡು. ಉಪಕರಣ ನಿರ್ವಹಣೆಯ ಗುತ್ತಿಗೆದಾರರು ಯಂತ್ರವನ್ನು ಅದರ ಪ್ಲಗ್‌ವರೆಗೆ ಪರೀಕ್ಷಿಸುತ್ತಾರೆ. ಕಟ್ಟಡದ ಎಂಜಿನಿಯರುಗಳು ಗೋಡೆ, ಸೋರಿಕೆ, ದೀಪ ನೋಡುತ್ತಾರೆ. ಪ್ಲಗ್ ಮುಗಿದು ಗೋಡೆ ಶುರುವಾಗುವ ಆ ಒಂದು ಅಂಗುಲ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಸಾಕೆಟ್ ಪರೀಕ್ಷೆ ನಡೆಯದೇ ಹೋಗಲು ಹಣದ ಕೊರತೆಗಿಂತ ಇದೇ ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ. ಆಸ್ಪತ್ರೆ ಒಬ್ಬರ ಹೆಸರನ್ನು ಇದಕ್ಕೆ ಬರೆದುಕೊಡುವವರೆಗೆ ಯಾವ ಆದೇಶವೂ ಸಾಕೆಟ್‌ವರೆಗೆ ತಲುಪುವುದಿಲ್ಲ.

ಬಿಗಿ ಮಾಡಿದರೆ, ಬಿಟ್ಟರೆ

ನಿಯಮ ಬಿಗಿಯಾದರೆ ತೊಂದರೆಯೂ ಇದೆ, ಅದನ್ನು ಮುಚ್ಚಿಡಬಾರದು. ಹಳೆಯ ಮನೆಯನ್ನೇ ನರ್ಸಿಂಗ್ ಹೋಮ್ ಮಾಡಿಕೊಂಡ ಕಡೆ ಹೊಸ ಅರ್ಥ್ ತಂತಿ ಎಳೆಯಬೇಕಾದರೆ ಗೋಡೆ ಒಡೆಯಬೇಕು, ಹಾಸಿಗೆ ಖಾಲಿ ಮಾಡಬೇಕು. ಗಂಭೀರ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡುವ ಜಿಲ್ಲೆ ಇದು. ನಾಲ್ಕು ಹಾಸಿಗೆಯ ಸಣ್ಣ ತೀವ್ರ ನಿಗಾ ಘಟಕವೊಂದು ಮುಚ್ಚಿದರೂ ಇನ್ನಷ್ಟು ಜನ ಆಂಬುಲೆನ್ಸ್‌ನಲ್ಲಿ ಹೆದ್ದಾರಿಗೆ ಇಳಿಯುತ್ತಾರೆ. ಆದ್ದರಿಂದ ಎಲ್ಲ ಸಾಕೆಟ್ ಒಂದೇ ಸಲ ಎನ್ನುವ ಬದಲು ಮೊದಲ ವರ್ಷ ಶಸ್ತ್ರಚಿಕಿತ್ಸಾ ಕೊಠಡಿ, ನಿಗಾ ಘಟಕ, ನವಜಾತ ಶಿಶು ಘಟಕ, ಡಯಾಲಿಸಿಸ್, ಹೆರಿಗೆ ಕೋಣೆ. ಎರಡನೆಯ ವರ್ಷ ವಾರ್ಡುಗಳು ಎಂದು ಹಂತ ಹಾಕುವುದು ನಡೆಯುವ ಕ್ರಮ. ಕೆಟ್ಟ ಸಾಕೆಟ್ ಬದಲಿಸುವ ಖರ್ಚು ಅದರ ಪಕ್ಕ ನಿಂತ ಯಾವ ಯಂತ್ರದ ಬೆಲೆಗೂ ಹೋಲಿಕೆಯಲ್ಲ. ಒಂದು ಸಾಕೆಟ್ ಅಳೆಯಲು ಬೇಕಾಗುವುದು ಕೆಲವು ನಿಮಿಷ.

ಹಾಗೆಯೇ ಬಿಟ್ಟರೆ? ಯಾವ ದೀಪವೂ ಆರುವುದಿಲ್ಲ, ಯಾವ ಯಂತ್ರವೂ ನಿಲ್ಲುವುದಿಲ್ಲ. ಉಪಕರಣ ಮುಟ್ಟಿದಾಗ ಜುಮ್ಮೆಂದಿತು ಎಂದು ರಾತ್ರಿ ಪಾಳಿಯ ದಾದಿ ಹೇಳಿದ್ದು ಬೆಳಿಗ್ಗೆ ಮರೆತುಹೋಗುತ್ತದೆ. ಅಂಥ ಪ್ರತಿ ಮಾತನ್ನೂ ಬರೆದಿಡಲು ವಾರ್ಡಿನಲ್ಲೊಂದು ಪುಸ್ತಕ ಇರಬೇಕು, ಏಕೆಂದರೆ ಅರ್ಥ್ ತಂತಿ ಕೊಡುವ ಮುನ್ಸೂಚನೆ ಅದೊಂದೇ.

ಸರ್ಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ‘ಅರ್ಥಿಂಗ್ ಪರೀಕ್ಷೆ ಆಗಿದೆಯೇ’ ಎಂದು ಕೇಳಿದರೆ ‘ಆಗಿದೆ’ ಎಂಬ ಹಳೆಯ ಸಾಲೇ ಬರುತ್ತದೆ. ಕೇಳಬೇಕಾದದ್ದು ಇಷ್ಟು: ಯಾವ ತಿಂಗಳಲ್ಲಿ, ಯಾವ ಉಪಕರಣದಿಂದ, ಎಷ್ಟು ಸಾಕೆಟ್ ಅಳೆದಿರಿ, ಜನರೇಟರ್ ಮೇಲೂ ಅಳೆದಿರಾ, ಎಷ್ಟು ಫೇಲಾದವು, ಅವನ್ನು ಬದಲಿಸಿದ ದಿನಾಂಕ ಯಾವುದು? ನಿಜವಾಗಿ ಪರೀಕ್ಷೆ ನಡೆದಿದ್ದರೆ ಉತ್ತರ ಒಂದು ಪುಟದ ಪಟ್ಟಿಯಾಗಿ ಬರುತ್ತದೆ: ಹಾಸಿಗೆ ಸಂಖ್ಯೆ 4, ಎಡಗಡೆಯ ಸಾಕೆಟ್, 0.16 ಓಮ್, ಹಿಡಿತ ಸರಿ. ಹಾಸಿಗೆ ಸಂಖ್ಯೆ 5, ಬಲಗಡೆ, 1.9 ಓಮ್, ಬದಲಿಸಲಾಗಿದೆ. ಕೆಳಗೆ ಅಳೆದವರ ಸಹಿ.